ಯಜಮಾನರ ಗೇಣು

ಮುಂಡರಗಿಯಲ್ಲಿ ನಾವಿದ್ದ ಬಾಡಿಗೆಯ ಮನೆ ಎರಡೇ ಅಂಕಣದ್ದು. ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ, ಅದರ ಮೂಲೆಗೊಂದು ಬಚ್ಚಲು. ನಾನು, ನನ್ನ ಅತ್ತೆ ಅಂಬುಬಾಯಿಯವರು, ಎಂಟು ವರ್ಷದ ಸರಸು, ಐದು ವರ್ಷದ ದತ್ತು, ಇಷ್ಟು ಜನ ವಾರವೆಲ್ಲ ಇರುವವರು. ನಮ್ಮವರು ವಾರಕ್ಕೊಮ್ಮೆ ಬರುವವರು. ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ಅವರು ಶಿರಹಟ್ಟಿಯ ಕಚೇರಿಯೊಂದರಲ್ಲಿ ಗುಮಾಸ್ತ. ಇಬ್ಬರಿಗೂ ಒಂದೇ ಊರು ಕೊಡಿರೆಂದು ಅರ್ಜಿ ಬರೆದು ಬರೆದು ಇಬ್ಬರ ಅಕ್ಷರವೂ ಒಂದೇ ತೆರನಾಗಿತ್ತು. ಊರು ಒಂದಾಗಲಿಲ್ಲ.

ಶನಿವಾರ ಅವರು ಗದಗದಲ್ಲಿ ಬಸ್ಸು ಬದಲಿಸಿ ಮೈಯೆಲ್ಲ ಧೂಳಾಗಿ ಬರುವರು. ಸೋಮವಾರ ನಸುಕಿನ ಮೊದಲ ಬಸ್ಸಿಗೆ ಹೋಗುವರು. ನಡುವಿನ ಒಂದು ದಿನದಲ್ಲಿ ಅವರ ಅಂಗಿ ಒಗೆಯುವುದಿತ್ತು, ಅತ್ತೆಯವರ ಔಷಧ ತರುವುದಿತ್ತು, ದತ್ತುವಿನ ಮಗ್ಗಿ ಕೇಳುವುದಿತ್ತು. ಮನೆಯಲ್ಲಿದ್ದದ್ದು ಒಂದೇ ಒಂದು ಕಬ್ಬಿಣದ ಮಡಚುವ ಕುರ್ಚಿ. ಅದರ ಮೇಲೆ ಅವರು. ಕೆಳಗೆ ಚಾಪೆಯ ಮೇಲೆ ಅತ್ತೆ. ನಾನು ಅಡಿಗೆಮನೆಯ ಹೊಸ್ತಿಲ ಮೇಲೆ, ಒಂದು ಕೈ ಬಾಗಿಲ ಚೌಕಟ್ಟಿಗೆ ಹಚ್ಚಿಕೊಂಡು. ಆರು ವರ್ಷ ನಾನು ಗಂಡನ ಜೊತೆ ಮಾತಾಡಿದ್ದೆಲ್ಲ ನಿಂತುಕೊಂಡೇ.

ನನಗೆ ಬೇಕಾಗಿದ್ದದ್ದು ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದಲ್ಲ. ಅವರ ಪಕ್ಕದಲ್ಲಿ ಕೂಡಬೇಕಾಗಿತ್ತು. ಅಷ್ಟೇ. ಕೆಲಸವಿಲ್ಲದೆ, ಕೈಯಲ್ಲಿ ಪಾತ್ರೆ ಹಿಡಿಯದೆ, ಬೆನ್ನು ಒರಗಿಸಿಕೊಂಡು. ನಮ್ಮಂಥವರ ಮನೆಗಳಲ್ಲಿ ಗಂಡ ಹೆಂಡತಿ ಒಟ್ಟಿಗೆ ಕೂಡುವುದು ಸತ್ಯನಾರಾಯಣನ ಪೂಜೆಗೆ. ಆಗಲೂ ಕಣ್ಣು ಭಟ್ಟರ ಕಡೆಗಿರಬೇಕು.

ನಾನು ಲಕ್ಕುಂಡಿಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಅಲ್ಲಿಯ ಶಾಲೆಯಲ್ಲಿ ಮಾಸ್ತರರು. ನಮ್ಮ ಓಣಿಯ ತುದಿಗೆ ಒಂದು ಹಳೆಯ ಗುಡಿ, ಪೂಜೆ ನಿಂತು ಎಷ್ಟು ಕಾಲವಾಗಿತ್ತೋ. ಅದರ ಮುಂದಿನ ಮಂಟಪದ ಸುತ್ತ ಕಲ್ಲಿನ ಆಸನವಿತ್ತು. ಅದಕ್ಕೆ ಹೊರಮುಖವಾಗಿ ಬಾಗಿದ ಕಲ್ಲಿನ ಒರಗು. ಓದಿದವರು ಅದಕ್ಕೆ ಕಕ್ಷಾಸನ ಎನ್ನುತ್ತಾರೆ; ನಾವು ಹುಡುಗಿಯರು ಒರಗುಗಲ್ಲು ಎನ್ನುತ್ತಿದ್ದೆವು. ಬೇಸಿಗೆಯ ಮಧ್ಯಾಹ್ನ ಅದಕ್ಕೆ ಬೆನ್ನು ಕೊಟ್ಟರೆ ಲಂಗ ರವಿಕೆ ದಾಟಿ ತಂಪು ಒಳಗೆ ಇಳಿಯುತ್ತಿತ್ತು. ಕಡೆದ ಕಂಬಗಳ ಉಂಗುರಗಳ ಮೇಲೆ ಬೆಳಕು ಒಂದೊಂದೇ ಗೆರೆಯಾಗಿ ನಿಲ್ಲುತ್ತಿತ್ತು. ಒಳಗೆ ಜಾಲಂದ್ರದ ಕೊರೆದ ತೂತುಗಳಿಂದ ಬಿದ್ದ ಬಿಸಿಲು ನೆಲದ ಮೇಲೆ ಚೂರು ಚೂರಾಗಿ, ಹೊತ್ತು ಏರಿದಂತೆ ಸರಿಯುತ್ತ ಹೋಗುತ್ತಿತ್ತು. ಅಲ್ಲಿ ಕೂತು ನಾನು ಏಳನೆಯ ಇಯತ್ತೆಯ ಪರೀಕ್ಷೆಗೆ ಓದಿದೆ. ಪಾಠ ಮರೆತುಹೋಯಿತು, ಆ ಬೆಳಕು ಮರೆಯಲಿಲ್ಲ.

ಎಪ್ಪತ್ತಾರನೆಯ ಇಸವಿಯ ಬೇಸಿಗೆ ಸೂಟಿಯಲ್ಲಿ ನಾನು ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನಿಗೆ ಚಿತ್ರ ಬರೆಯತೊಡಗಿದೆ. ನಮ್ಮ ಪಡಸಾಲೆಯದೇ ಚಿತ್ರ, ಆದರೆ ಇದ್ದಂತೆ ಅಲ್ಲ. ಗೋಡೆಗೆ ಆ ಕಲ್ಲಿನ ಬಣ್ಣ. ಬೀದಿಯ ಕಿಟಕಿಗೆ ಜಾಲಂದ್ರ. ಕಿಟಕಿಯ ಎದುರಿಗೆ ಇಬ್ಬರು ಕೂಡುವ ಬೆಂಚು, ಒರಗು ಗುಡಿಯದರ ಹಾಗೆ ಬಾಗಿದ್ದು, ಮುಂದಿನ ಎರಡು ಕಾಲು ಗುಡಿಯ ಕಂಬದ ಹಾಗೆ ಕಡೆದದ್ದು. ಬೇರೆ ಏನೂ ಬೇಡ. ಕ್ಯಾಲೆಂಡರು ಸಹ ಬೇಡ.

ಗೋಡೆಯಿಂದ ಆರಂಭಿಸಿದೆ. ಸುಣ್ಣಕ್ಕೆ ಸೋಸಿದ ಬೂದಿ, ಎರಡು ಚಿಟಿಕೆ ನೀಲಿ. ಮೊದಲನೆಯ ಸಲ ಕಪ್ಪಾಯಿತು, ಎರಡನೆಯ ಸಲ ಬಿಳಿಚಿತು, ಮೂರನೆಯ ಸಲಕ್ಕೆ ಮಳೆ ಬಿದ್ದು ಆರಿದ ಕಲ್ಲಿನ ಬಣ್ಣ ಬಂತು. ಅತ್ತೆ ಹೂಬತ್ತಿ ಹೊಸೆಯುತ್ತ ಎಲ್ಲ ನೋಡಿದರು.

"ಗ್ವಾಡಿಗೆ ಬೂದಿ ಬಳದೆ. ಇನ್ನ ನಾವೆಲ್ಲಾ ಜಟಾ ಬಿಟ್ಟು ಬೈರಾಗಿಗಳಾಗೋದು ಒಂದು ಉಳದದ ನೋಡು," ಎಂದರು.

"ಒಣಗಿದ ಮ್ಯಾಲೆ ನೋಡ್ರಿ ಅತ್ಯಾ, ಮನಿ ತಂಪಗನಿಸ್ತದ."

"ಅನಿಸ್ತದ ಖರೆ. ಸ್ಮಶಾನನೂ ತಂಪಿರ್ತದ."

ಆದರೂ ಬಣ್ಣ ಒಣಗಿದ ಮಧ್ಯಾಹ್ನ ಅವರು ಅಡಿಗೆಮನೆಯಿಂದ ಚಾಪೆ ಎಳೆದುಕೊಂಡು ಬಂದು ಪಡಸಾಲೆಯಲ್ಲೇ ಅಡ್ಡಾದರು.

ಜಾಲಂದ್ರಕ್ಕೆ ಕಿರಾಣಿ ಅಂಗಡಿಯಿಂದ ಚಹಾದ ಪೆಟ್ಟಿಗೆಯ ತೆಳು ಹಲಗೆ ತಂದೆ. ಅದರ ಮೇಲೆ ನಾನು ಹೂವು, ಚೌಕ ಬರೆದುಕೊಟ್ಟೆ; ಬಡಿಗ್ಯಾರ ಗವಿಸಿದ್ದಪ್ಪ ಕೊರೆದುಕೊಟ್ಟ. ಬಸ್ ಸ್ಟ್ಯಾಂಡಿನ ಹಿಂದೆ ಅವನ ಬಡಿಗತನದ ಸಾಲೆ. ಕೂರಿಗೆ, ಚಕ್ಕಡಿ, ಬಾಗಿಲು ಮಾಡುವ ಕೈ ಅದು. ಇಂಚು ಇಂಚಿಗೆ ನಾನು ಬರೆದುಕೊಟ್ಟ ಲೆಕ್ಕ ನೋಡಿ ನಕ್ಕಿದ್ದ. "ಅಕ್ಕೋರ, ಇಷ್ಟು ತೂತು ಬಿದ್ದ ಹಲಗಿ ಕಿಡಕಿಗೆ ಹಚ್ಚಿದರ ಕಳ್ಳ ಒಳಗ ನೋಡಾಕ ಛಲೋ ಆತು ಬಿಡ್ರಿ!" ಆದರೆ ಕೊರೆದದ್ದು ಒಂದು ಎಳೆಯೂ ತಪ್ಪಿರಲಿಲ್ಲ. ಅದನ್ನು ಕಿಟಕಿಗೆ ಕೂರಿಸಿದ ದಿನ ನಾಲ್ಕು ಗಂಟೆಯ ಬಿಸಿಲು ನೆಲದ ಮೇಲೆ ಚೂರಾಗಿ ಬಿತ್ತು. ಸರಸು ಒಂದೊಂದು ಚೂರಿನ ಮೇಲೂ ಕಾಲಿಟ್ಟು ಕುಂಟಾಟ ಆಡಿದಳು. ನಾನು ಕೈಯಲ್ಲಿದ್ದ ಕಸಬರಿಗೆ ಬಿಟ್ಟು ಅಲ್ಲೇ ನಿಂತೆ. ಇನ್ನು ಬೆಂಚೊಂದು ಬಂದರೆ ಆಯಿತು ಎಂದುಕೊಂಡೆ.

ಬೆಂಚಿನ ಅಳತೆ ಮಾತ್ರ ನನ್ನ ನೆನಪಿನಲ್ಲಿ ಸಿಗಲಿಲ್ಲ. ಒರಗು ಎಷ್ಟು ಬಾಗಿದೆ ಎನ್ನುವುದು ಬೆನ್ನಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಶ್ರಾವಣದ ಒಂದು ಭಾನುವಾರ ಲಕ್ಕುಂಡಿಯಲ್ಲಿ ನನ್ನ ತಮ್ಮನ ಮಗುವಿಗೆ ಹೆಸರಿಡುವ ಕಾರ್ಯ ಬಂತು. ನಾವು, ಮಕ್ಕಳು ಹೋದೆವು. ಅತ್ತೆ ಬರಲಿಲ್ಲ. ಊಟವಾದ ಮೇಲೆ ಮಕ್ಕಳು ನೆಂಟರ ಮಕ್ಕಳ ನಡುವೆ ಕಳೆದುಹೋದರು. ನಾನು ನಮ್ಮವರಿಗೆ ಹೇಳಿದೆ: "ಗುಡಿಗೆ ಹೋಗಿ ಬರೋಣ್ರಿ. ಬೆಂಚಿನ ಅಳತಿ ತಗೊಳ್ಳೋದದ."

ಅವರು ಆರಡಿಗೆ ಒಂದಿಂಚು ಕಡಿಮೆ ಎತ್ತರ. ನಾನು ಅವರ ಭುಜಕ್ಕೂ ಬರುವುದಿಲ್ಲ. ಓಣಿಯಲ್ಲಿ ಅವರು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ ನಡೆದೆವು. ಮಂಟಪದ ಒಳಗೆ ಬಂದ ಮೇಲೆ ಅವರು ನಿಂತರು.

"ಪಟ್ಟಿ ತೆಗಿ."

ಚೀಲದಲ್ಲಿ ಕಾಗದ ಇತ್ತು, ಪೆನ್ಸಿಲ್ ಇತ್ತು. ಪಟ್ಟಿ ಮುಂಡರಗಿಯಲ್ಲಿ ಮೇಜಿನ ಮೇಲೆ ಉಳಿದಿತ್ತು.

"ದಿನಾ ಹುಡುಗರ ಕೈಗೆ ಪಟ್ಟೀಲೆ ಹೊಡಿಯೋರು, ಬೇಕಾದಾಗ ಮರತು ಬರ್ತೀರಿ," ಎಂದರು ನಗುತ್ತ.

"ನಾ ಯಾರಿಗೂ ಹೊಡಿಯಂಗಿಲ್ಲ. ಗೇಣಿಲೇ ಅಳೀತೀನಿ, ನೀವು ಬರಕೋರಿ. ಮನಿಗೆ ಹೋಗಿ ಇಂಚು ಮಾಡಿದ್ರಾತು."

ಕಲ್ಲಿನ ಮೇಲೆ ಗೇಣು ಹಾಕುತ್ತ ಹೋದೆ. ಎತ್ತರ ಎರಡು ಗೇಣು, ಅಗಲವೂ ಅಷ್ಟೇ. ಒರಗು ಎರಡೂವರೆ. ಮುಡಿದಿದ್ದ ಮಲ್ಲಿಗೆಯ ದಂಡೆಯಿಂದ ದಾರ ಬಿಚ್ಚಿ, ತುದಿಗೊಂದು ಹರಳು ಕಟ್ಟಿ ಇಳಿಬಿಟ್ಟೆ; ಒರಗಿನ ನೆತ್ತಿ ದಾರದಿಂದ ನಾಲ್ಕು ಬೆರಳು ಹಿಂದಕ್ಕೆ ಬಾಗಿತ್ತು. ಅವರು ತೊಡೆಯ ಮೇಲೆ ಕಾಗದವಿಟ್ಟುಕೊಂಡು, ಕಚೇರಿಯ ದಫ್ತರಿಗೆ ಬರೆಯುವ ಹಾಗೆ ದುಂಡಗೆ ಬರೆದರು. ಉದ್ದ ಉಳಿಯಿತು. ಗುಡಿಯಲ್ಲಿ ಆಸನ ಮಂಟಪದ ಸುತ್ತ ಹರಿದಿತ್ತು, ಅದಕ್ಕೆ ತನ್ನದೆಂಬ ಉದ್ದವಿಲ್ಲ.

"ಇಬ್ಬರಿಗೆ ಎಷ್ಟು ಬೇಕೋ ಅಷ್ಟು," ಎಂದೆ. ಹೇಳಿದ ಮೇಲೆ ಕಿವಿ ಬಿಸಿಯಾಯಿತು. "ನೀವು ಅಲ್ಲಿ ಕೂಡ್ರಿ."

ಅವರು ಕೂತರು. ನಾನು ಪಕ್ಕದಲ್ಲಿ ಕೂತೆ. ನನ್ನ ಭುಜ ಅವರ ತೋಳಿಗೆ ಹತ್ತಿತು. ಬೆನ್ನಿಗೆ ಅದೇ ತಂಪು. ಹೊರಗೆ ಶ್ರಾವಣದ ಮೋಡ, ಒಂದೊಂದು ಹನಿ. ಕಂಬದ ಉಂಗುರಗಳ ಮೇಲೆ ಬೆಳಕು ಬರುವುದು, ಹೋಗುವುದು. ಎಷ್ಟು ಹೊತ್ತು ಹಾಗೆ ಕೂತೆವೋ.

ಗುಡಿ ಕಾಯುವವ ಬೀಡಿ ಆರಿಸಿ ಒಳಗೆ ಬಂದ. "ಅಲ್ಲೆ ಕುಂದರಬಾರದ್ರಿ, ಸರಕಾರದ ಗುಡಿ ಐತಿ."

"ಅಳೀಲಿಕ್ಕೆ ಬಂದೇವಿ," ಎಂದರು ನಮ್ಮವರು.

ಅವನು ನಮ್ಮನ್ನೂ ನೋಡಿದ, ಕಾಗದವನ್ನೂ ನೋಡಿದ. "ಅಳದದ್ದು ಆತಿಲ್ರಿ?"

"ಇನ್ನೂ ಆಗಿಲ್ಲ."

ಅವನು ಹೊರಗೆ ಹೋಗಿ ಇನ್ನೊಂದು ಬೀಡಿ ಹಚ್ಚಿದ. ಅವನ ಬೀಡಿ ಮುಗಿಯುವ ತನಕ ನಾವು ಏಳಲಿಲ್ಲ. ಎದ್ದ ಮೇಲೆ ಕೂತ ಜಾಗಕ್ಕೆ ಗೇಣು ಹಾಕಿದೆ. ಸರಿಯಾಗಿ ಆರು.

ಆ ವಾರ ಶಾಲೆಯಲ್ಲಿ ಪರೀಕ್ಷೆಯ ಪೇಪರು, ದತ್ತುವಿಗೆ ಜ್ವರ. ಕಾಗದ ಚೀಲದಲ್ಲೇ ಉಳಿಯಿತು. ಮುಂದಿನ ಸೋಮವಾರ ನಸುಕಿನಲ್ಲಿ ಹೊರಡುವಾಗ ನಮ್ಮವರು ಅದನ್ನು ಹುಡುಕಿ ತೆಗೆದರು. "ಹ್ಯಾಂಗೂ ಬಸ್ ಸ್ಟ್ಯಾಂಡಿಗೆ ಹೊಂಟೀನಿ, ಗವಿಸಿದ್ದಪ್ಪಗ ಕೊಟ್ಟು ಹೋಗ್ತೀನಿ. ನಿನಗೆಲ್ಲಿ ಪುರಸೊತ್ತು," ಎಂದರು. ನಾನು ದತ್ತುವಿನ ಹಣೆಯ ಮೇಲೆ ಒದ್ದೆ ಬಟ್ಟೆ ಬದಲಿಸುತ್ತ "ಹೂಂ" ಎಂದೆ. ಇಂಚು ಮಾಡಿಲ್ಲವೆಂಬುದು ಆಗ ತಲೆಗೆ ಹೊಳೆಯಲೇ ಇಲ್ಲ.

ಹಳೆಯ ಚಾವಡಿಯೊಂದನ್ನು ಬಿಚ್ಚಿದಾಗ ಬಂದ ಸಾಗವಾನಿ ತೊಲೆ ಗವಿಸಿದ್ದಪ್ಪನ ಹತ್ತಿರ ಇತ್ತು. ಕಾಲುಗಳನ್ನು ಬೆಟಗೇರಿಗೆ ಒಯ್ದು ತೊಟ್ಟಿಲ ಕಾಲು ಕಡೆಯುವ ರಹಮಾನಸಾಬನ ಕಡೆಯಿಂದ ಕಡೆಸಿ ತಂದ. ದಸರೆ ಕಳೆದು ನಾಲ್ಕನೆಯ ದಿನ, ನಾನು ಶಾಲೆಯಿಂದ ಬರುವ ಹೊತ್ತಿಗೆ, ಬೆಂಚನ್ನು ಚಕ್ಕಡಿಯ ಮೇಲೆ ಹೇರಿಕೊಂಡು ಬಂದ.

ಎಂಥ ಚೆಲುವಿತ್ತು ಅದಕ್ಕೆ! ಕಾಲುಗಳ ಉಂಗುರ, ಗಂಟೆ, ತಟ್ಟೆ, ಒಂದರ ಮೇಲೊಂದು, ಗುಡಿಯ ಕಂಬವೇ ಮೊಣಕಾಲುದ್ದಕ್ಕೆ ಇಳಿದು ಬಂದಂತೆ. ಒರಗಿನ ಬಾಗು ಅದೇ ಬಾಗು. ಹಳೆಯ ಸಾಗವಾನಿಯ ಕಂದು, ಬೂದಿ ಬಣ್ಣದ ಗೋಡೆಗೆ ಹೇಳಿ ಮಾಡಿಸಿದಂತೆ ಹೊಂದಿತು.

ಆಮೇಲೆ ಕೂತು ನೋಡಿದೆ. ಕಾಲು ನೆಲಕ್ಕೆ ತಾಗಲಿಲ್ಲ.

ಬೆನ್ನು ಒರಗಿಸಬೇಕೆಂದರೆ ಹಿಂದಕ್ಕೆ ಸರಿಯಬೇಕು. ಸರಿದರೆ ಕಾಲು ಇನ್ನೂ ಮೇಲೆ. ದೊಡ್ಡವರ ಬೆಂಚು ಹತ್ತಿದ ಒಂದನೆಯ ಇಯತ್ತೆಯ ಹುಡುಗಿಯ ಹಾಗೆ ಜೋಲಾಡುವ ಕಾಲು ಇಟ್ಟುಕೊಂಡು ನಾನು ಎಡಕ್ಕೂ ಬಲಕ್ಕೂ ನೋಡಿದೆ. ಎರಡೂ ಕಡೆ ಜಾಗವೇ ಜಾಗ.

"ಅಳತಿ ತಪ್ಪೇದ, ಗವಿಸಿದ್ದಪ್ಪ."

ಅವನಿಗೆ ಪೆಟ್ಟು ಬಿದ್ದಂತಾಯಿತು. "ಒಂದು ಬೆರಳು ತಪ್ಪಿದ್ರ ಕೈ ಕಡಕೋತೀನ್ರಿ ಅಕ್ಕೋರ." ಸೊಂಟದಿಂದ ಒಂದು ಬಿದಿರು ಕಡ್ಡಿ ತೆಗೆದ. ಅದರ ಎರಡು ಕಡೆ ಕಚ್ಚು ಹಾಕಿತ್ತು. ಬೆಂಚಿನ ಉದ್ದಕ್ಕೂ ಆ ಕಡ್ಡಿ ಹೊರಳಿಸುತ್ತ ಹೋದ. "ಒಂದು, ಎರಡು... ಆರು. ಆತಿಲ್ರಿ? ನೀವು ಬರದದ್ದು ಆರು ಗೇಣು."

"ಇದು ಯಾರ ಗೇಣು?"

"ಯಾರ ಗೇಣಂದ್ರ? ಯಜಮಾನರದು! ಅವತ್ತು ನಸಕಿನ್ಯಾಗ ಚೀಟಿ ಕೊಡಾಕ ಬಂದಿದ್ದರಲ್ರಿ. ಸಾಹೇಬ್ರ, ಹಸ್ತ ಚಾಚ್ರಿ ಅಂದೆ. ಚಾಚಿದರು. ಕಡ್ಡಿಗೆ ಕಚ್ಚು ಹಾಕ್ಕೊಂಡೆ. ಮನಿ ಇರ್ಲಿ, ಮಂಚ ಇರ್ಲಿ, ಬಾಗಲ ಇರ್ಲಿ, ಮನಿ ಯಜಮಾನನ ಗೇಣಿಲೇ ಆಗಬೇಕು. ಇಲ್ಲಾಂದ್ರ ಆಯ ಕೂಡಂಗಿಲ್ಲ, ಮನಿಗೆ ಛಲೋ ಆಗಂಗಿಲ್ಲ. ನಮ್ಮಪ್ಪ ಹೇಳಿಕೊಟ್ಟ ವಿದ್ಯಾ ಇದು."

"ಅಳದದ್ದು ನಾನು."

ಗವಿಸಿದ್ದಪ್ಪ ನಕ್ಕುಬಿಟ್ಟ. "ನೀವ್ ಅಳದ್ರೂ ಗೇಣು ಅವರದನ ಅಲ್ರೀ. ಹೆಣ್ಣಮಕ್ಕಳ ಗೇಣಿಲೆ ಯಾರರೆ ಮಂಚ ಮಾಡ್ಯಾರೇನ್ರಿ?"

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಮಳೆ ಮೇಲಿನಿಂದ ಬೀಳುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದ್ದ. ಅವನು ಹೋದ ಮೇಲೆ ಮೇಜಿನ ಮೇಲಿನ ಪಟ್ಟಿ ತಂದು ನನ್ನ ಕೈ ಅದರ ಮೇಲಿಟ್ಟೆ. ಏಳೂಕಾಲು ಇಂಚು. ಅವನು ಬಿಟ್ಟುಹೋದ ಬಿದಿರು ಕಡ್ಡಿ ಇಟ್ಟೆ. ಒಂಬತ್ತೂವರೆ. ಚಿತ್ರದಲ್ಲಿ ತಪ್ಪಿರಲಿಲ್ಲ, ಲೆಕ್ಕದಲ್ಲಿ ತಪ್ಪಿರಲಿಲ್ಲ. ಎಲ್ಲವೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗಿತ್ತು. ಇಬ್ಬರ ಬೆಂಚು ಮೂವರದಾಗಿತ್ತು.

ಮೂರನೆಯವರು ಅಷ್ಟು ಹೊತ್ತಿಗೆ ಬಂದು ಕೂತಿದ್ದರು. ಅತ್ತೆ ಬೆಂಚಿನ ಸರಿಯಾಗಿ ನಡುವೆ, ಕಾಲು ಮಡಚಿ ಮೇಲಿಟ್ಟುಕೊಂಡು, ಒರಗಿ, ಕಣ್ಣು ಮುಚ್ಚಿ. "ಯಮುನಾ, ಏನ ಅನ್ನು, ಬೆನ್ನಿಗೆ ಭಾಳ ಹಿತ ಅದವಾ. ಎಷ್ಟ ವರ್ಷದ ನೋವು, ಹಿಡದು ಒತ್ತಿದ್ಹಂಗ ಆಗ್ತದ." ಅವರ ಬೆನ್ನುನೋವು ಸುಳ್ಳಲ್ಲ. ಅಂದಿನಿಂದ ಅದು ಅವರ ಜಾಗವಾಯಿತು. ಹೂಬತ್ತಿ ಅಲ್ಲಿ, ಜಪದ ಮಣಿ ಅಲ್ಲಿ, ಮಧ್ಯಾಹ್ನದ ತೂಕಡಿಕೆ ಅಲ್ಲಿ.

ಶನಿವಾರ ನಮ್ಮವರು ಬಂದರು. ಭಾನುವಾರ ಚಹಾದ ಹೊತ್ತಿಗೆ ಬೆಂಚಿನ ಒಂದು ತುದಿಗೆ ಕೂತರು. ನಡುವೆ ಅತ್ತೆ. ಕಪ್ಪು ಕೊಟ್ಟು ಹೊಸ್ತಿಲಿಗೆ ಹೋಗುತ್ತಿದ್ದ ನನ್ನನ್ನು ಅತ್ತೆಯೇ ಕರೆದರು. "ಬಾ, ನೀನೂ ಕೂಡು. ಜಾಗಾ ಅದ ಅಲ್ಲ? ಈಗಿನ ಕಾಲದಾಗ ಏನ್ ನಾಚಿಕಿ." ನಾನು ಇನ್ನೊಂದು ತುದಿಗೆ ಹತ್ತಿ ಕೂತೆ. ಮೂವರೂ ಎದುರಿನ ಕಿಟಕಿ ನೋಡುತ್ತ ಚಹಾ ಕುಡಿದೆವು.

"ಗದಗ ಬಸ್ಸಿನ ಸೀಟಿನ್ಹಂಗ ಅದ," ಎಂದರು ಅತ್ತೆ ಸಂತೋಷದಿಂದ. "ಕಂಡಕ್ಟರ ಒಬ್ಬಾಂವ ಕಡಿಮಿ."

ಸರಸು ನೆಲದಿಂದ ನನ್ನ ಕಾಲು ನೋಡಿ ನಕ್ಕಳು. "ಅವ್ವಾ, ನಿನ್ನ ಕಾಲು ಜೋಕಾಲಿ ಆಡ್ಲಿಕತ್ತಾವ!"

ಹಿತ್ತಲಿನಲ್ಲಿ ಅಂಗಿ ಹಿಂಡುವಾಗ ನಮ್ಮವರಿಗೆ ಗೇಣಿನ ಕಥೆ ಹೇಳಿದೆ. ಮೊದಲು ಜೋರಾಗಿ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಹಸ್ತ ಚಾಚು ಅಂದಾ, ಚಾಚಿದೆ. ಯಾತಕ್ಕಂತ ಕೇಳಬೇಕಿತ್ತು ನಾನು," ಎಂದು ಅಂಗಿಯ ಇನ್ನೊಂದು ತುದಿ ಹಿಡಿದು ಹಿಂಡಿದರು.

ಸೋಮವಾರ ಬಸ್ಸಿಗೆ ಹೋಗುವಾಗ ಅವರೇ ಗವಿಸಿದ್ದಪ್ಪನಿಗೆ ಹೇಳಿ ಹೋಗಿದ್ದರು. ಅದು ನನಗೆ ಗೊತ್ತಾದದ್ದು ಅದರ ಮುಂದಿನ ಭಾನುವಾರ, ಅವನು ಗರಗಸ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಾಗ.

"ಏಳ್ರಿ ಅಜ್ಜಿ, ಬೆಂಚು ಸಣ್ಣದು ಮಾಡಬೇಕು."

ಅತ್ತೆ ಜಪದ ಮಣಿ ನಿಲ್ಲಿಸಿದರು. ಏಳಲಿಲ್ಲ. "ಯಾಕೋ? ಏನಾಗೇದ ಇದಕ್ಕ?"

"ಅಕ್ಕೋರು ಇಬ್ಬರಿಗಂತ ಮಾಡಾಕ ಹೇಳಿದ್ರಂತ್ರಿ. ನಾ ಮೂರು ಮಂದೀದು ಮಾಡಿಟ್ಟೀನಿ. ನಡುವಿಂದ ಒಂದು ತುಂಡು ತಗದು ಜೋಡಿಸಿದರ ಆತು, ಹೊಳ್ಳಿ ಬೆಸಿಗಿ ಕಾಣಂಗಿಲ್ಲ."

ನಡುವಿನಿಂದ. ಅತ್ತೆ ಕೂತದ್ದು ಅಲ್ಲೇ.

"ಇಬ್ಬರಿಗೆ?" ಅತ್ತೆ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಯಾರಿಬ್ಬರಿಗೆ?"

ನಮ್ಮವರು ಕುರ್ಚಿಯ ಮೇಲೆ ಪೇಪರು ಓದುತ್ತಿದ್ದವರು ಪುಟ ತಿರುವಿದರು. ಗವಿಸಿದ್ದಪ್ಪನೂ ನನ್ನನ್ನೇ ನೋಡಿದ. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು. ಒಂದು ಮಾತು ಹೇಳಿದ್ದರೆ ಆಗಿಹೋಗುತ್ತಿತ್ತು. ಎರಡೇ ಶಬ್ದ: ನಮಗೆ ಇಬ್ಬರಿಗೆ. ತರಗತಿಯಲ್ಲಿ ಅರವತ್ತು ಹುಡುಗರ ಮುಂದೆ ಗಂಟಲು ಹರಿಯುವ ಹಾಗೆ ಮಾತಾಡುವವಳು ನಾನು.

"ಹುಡುಗರಿಬ್ಬರಿಗೆ," ಎಂದೆ. "ಓದ್ಲಿಕ್ಕೆ ಕೂಡ್ತಾವಂತ. ಇರ್ಲಿ ಬಿಡ್ರಿ ಗವಿಸಿದ್ದಪ್ಪ, ಕೊಯ್ಯಬ್ಯಾಡ್ರಿ. ಅತ್ಯಾರ ಬೆನ್ನಿಗೆ ಹಿತ ಅದ."

"ಖರೇನ ಬ್ಯಾಡೇನ್ರಿ?"

"ಬ್ಯಾಡ."

ಅವನು ಗರಗಸ ಇಳಿಸಿ, ಚಹಾ ಕುಡಿದು, ಕಾಲಿನ ಉಂಗುರವನ್ನೊಮ್ಮೆ ಹೆಬ್ಬೆರಳಿನಿಂದ ಸವರಿ, "ಕೊಯ್ಯಾಕ ನನಗೂ ಮನಸಿದ್ದಿಲ್ರಿ," ಎಂದು ಹೋದ. ನಮ್ಮವರ ಪೇಪರು ಆ ಪುಟದಿಂದ ಮುಂದಕ್ಕೆ ಹೋಗಲಿಲ್ಲ.

ಎರಡು ದಿನ ಬಿಟ್ಟು, ನಾನು ತೊಗರಿಬೇಳೆ ಆರಿಸುತ್ತ ಕೂತಿದ್ದಾಗ, ಅತ್ತೆ ಬೆಂಚಿನ ಮೇಲಿನಿಂದ ಕೇಳಿದರು.

"ಹುಡುಗರಿಗಂತ ಮಾಡಿಸಿದೆಲಾ ಇದನ್ನ?"

"ಹೂನ್ರಿ."

"ನಿನ್ನ ಮಗಾ ಒಂದು ಕಡೆ ಕೂತದ್ದು ನೀ ಎಂದರೆ ನೋಡೀಯೇನ?"

ನಾನು ಬೇಳೆಯಲ್ಲಿ ಇಲ್ಲದ ಹರಳು ಹುಡುಕಿದೆ. ಅತ್ತೆ 'ರಾಮ ರಾಮ' ಎಂದು ಮಣಿ ತಿರುಗಿಸುವುದಕ್ಕೆ ಹತ್ತಿದರು. ಮತ್ತೆ ಆ ಮಾತು ತೆಗೆಯಲಿಲ್ಲ.

ಕಾರ್ತಿಕದಲ್ಲಿ ಹನುಮಂತದೇವರ ಗುಡಿಯಲ್ಲಿ ಪುರಾಣ ಹಚ್ಚಿದ್ದರು. ಆ ಭಾನುವಾರ ಊಟವಾದ ತಕ್ಷಣ ಅತ್ತೆ ಹೊದ್ದ ಸೆರಗು ಸರಿಮಾಡಿಕೊಂಡು ನಿಂತರು. "ಸರಸೂ, ದತ್ತೂ, ನಡೀರಿ ಪುರಾಣಕ್ಕ."

"ನಾ ಒಲ್ಲೆ," ಎಂದ ದತ್ತು.

"ಶೇಂಗಾದುಂಡಿ ಹಂಚತಾರಂತ. ಬ್ಯಾಡಂದ್ರ ಬಿಡು."

ಅವನು ಚಡ್ಡಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿದ. ಅತ್ತೆ ಹೊಸ್ತಿಲು ದಾಟಿ, ಮತ್ತೆ ತಿರುಗಿ, ನನ್ನ ಮುಖ ನೋಡದೆ, ಬಾಗಿಲ ಚಿಲುಕಕ್ಕೆ ಹೇಳಿದ ಹಾಗೆ ಹೇಳಿದರು: "ಎರಡು ತಾಸರೆ ಆಗ್ತದ. ಕದಾ ಮುಂದ ಮಾಡಿಕೊಂಡಿರು, ಧೂಳು ಬರ್ತದ." ಬಾಗಿಲನ್ನು ಅವರೇ ಎಳೆದುಕೊಂಡು ಹೋದರು.

ಕದ ಮುಚ್ಚಿದ ಮೇಲೆ ಪಡಸಾಲೆಯಲ್ಲಿ ಉಳಿದದ್ದು ಜಾಲಂದ್ರದ ಬೆಳಕು ಮಾತ್ರ. ಗೋಡೆ ಕಲ್ಲಾಯಿತು. ಬೆಂಚಿನ ಕಾಲುಗಳ ಉಂಗುರಗಳು ಒಂದೊಂದಾಗಿ ಹೊಳೆದವು. ನಾನು ಪ್ರಶ್ನೆಪತ್ರಿಕೆಯ ಬೆನ್ನಿಗೆ ಬರೆದಿದ್ದ ಕೋಣೆ ಅಂದು ಮೊದಲ ಸಲ ನನ್ನ ಕಣ್ಣೆದುರಿಗೆ ಬಂದು ನಿಂತಿತು. ನಮ್ಮವರು ಬೆಂಚಿನ ಮೇಲೆ ಕೂತರು, ತುದಿಗೆ ಅಲ್ಲ, ಸ್ವಲ್ಪ ಈಚೆಗೆ. "ಬಾ," ಎಂದರು.

"ಬಂದೆ. ಎರಡು ಪಾತ್ರಿ ತೊಳದು ಬಂದೆ."

ಯಾಕೆ ಹಾಗೆಂದೆನೋ. ಪಾತ್ರೆ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಕರೆದ ಕೂಡಲೇ ಹೋಗಿ ಕೂತುಬಿಡುವುದು ನನಗೆ ರೂಢಿಯಿರಲಿಲ್ಲ, ಅಷ್ಟೇ. ತೊಳೆದೆ. ಮುಖಕ್ಕೂ ನೀರು ಹಾಕಿಕೊಂಡೆ. ಕುಂಕುಮ ಸರಿಮಾಡಿಕೊಂಡೆ. ತಲೆ ಬಾಚಿ ಹೆರಳು ಹಾಕಿದೆ. ಬೇರೆ ಸೀರೆ ಉಡಲೇ ಎಂದು ಟ್ರಂಕು ತೆರೆದು, ನಾಚಿಕೆಯಾಗಿ ಮುಚ್ಚಿದೆ. ಕಾಲು ಗಂಟೆಯಾದರೂ ಆಗಿರಬೇಕು.

ಬಂದು ನೋಡಿದರೆ ಅವರು ಮಲಗಿದ್ದರು. ಕೂತಲ್ಲಿಂದಲೇ ವಾಲಿ, ಬೆಂಚಿನ ಉದ್ದಕ್ಕೂ ಮೊಣಕಾಲು ಮಡಚಿ, ಕೈ ತಲೆದಿಂಬು ಮಾಡಿಕೊಂಡು. ಆರು ದಿನ ಕಚೇರಿ, ಎರಡು ಬಸ್ಸು, ಶಿರಹಟ್ಟಿಯ ಕೋಣೆಯಲ್ಲಿ ಮೂವರ ನಡುವೆ ಹಾಸಿಕೊಂಡ ಚಾಪೆ. ಬಾಯಿ ಒಂದಿಷ್ಟು ತೆರೆದಿತ್ತು. ಗಡ್ಡದಲ್ಲಿ ನಾಲ್ಕೈದು ಬಿಳಿ ಕೂದಲು ಕಂಡವು. ಅವು ಯಾವಾಗ ಬಂದವು? ಬೆಳಕಿನ ಒಂದು ಚೌಕ ಅವರ ಭುಜದ ಮೇಲೆ, ಒಂದು ಹೂವು ಕುತ್ತಿಗೆಯ ಮೇಲೆ.

ಬೆಂಚಿನಲ್ಲಿ ನನಗೆ ಜಾಗವಿರಲಿಲ್ಲ.

ನಾನು ಕೆಳಗೆ ಕೂತೆ. ನೆಲಕ್ಕೆ ಕಾಲು ಚಾಚಿ, ಬೆಂಚಿನ ಅಂಚಿಗೆ ಬೆನ್ನು ಕೊಟ್ಟು, ಅವರ ಉಸಿರು ತಲೆಯ ಹಿಂದೆ ಕೇಳುವಂತೆ. ಕಟ್ಟಿಗೆ ಕಲ್ಲಿನ ಹಾಗೆ ತಂಪಾಗುವುದಿಲ್ಲ. ತಿದ್ದಬೇಕಾದ ಪೇಪರಿನ ಕಟ್ಟು ಕೈಗೆ ಸಿಗುವಲ್ಲಿತ್ತು, ಮುಟ್ಟಲಿಲ್ಲ. ಎಬ್ಬಿಸಬೇಕು ಅನಿಸಿತು. ಎಬ್ಬಿಸಿದರೆ ಎದ್ದು ಕೂಡುತ್ತಾರೆ, ಕಣ್ಣು ತಿಕ್ಕುತ್ತಾರೆ, ನಾನು ಪಕ್ಕದಲ್ಲಿ ಹತ್ತಿ ಕೂಡಬಹುದು. ಒಮ್ಮೆ "ರೀ" ಎಂದೆ, ಎಚ್ಚರವಾಗಬಾರದು ಎನ್ನುವಷ್ಟು ಸಣ್ಣಗೆ. ಉಸಿರು ಬದಲಾಗಲಿಲ್ಲ. ಭುಜದ ಮೇಲಿನ ಚೌಕ ಒರಗಿಗೆ ಹತ್ತಿತು, ಅಲ್ಲಿಂದ ಗೋಡೆಗೆ ಹೋಯಿತು. ನಾನು ಅದನ್ನೇ ನೋಡುತ್ತ ಕೂತೆ. ಎರಡು ತಾಸು ಎಂದರೆ ಎಷ್ಟು ಬೇಗ ತೀರುತ್ತದೆ.

ಓಣಿಯಲ್ಲಿ ಅತ್ತೆಯವರ ಕೆಮ್ಮು ಕೇಳಿತು. ಅವರಿಗೆ ಕೆಮ್ಮಿರಲಿಲ್ಲ. ಆಮೇಲೆ ಅಂಗಳದಲ್ಲಿ ಅವರ ದನಿ, ಬೇಕಾದದ್ದಕ್ಕಿಂತ ಎರಡು ಪಟ್ಟು: "ಕಾಲು ತೊಳಕೋರಿ ಮೊದಲ! ಸರಸೂ, ಅವನ ಕಾಲಿಗೆ ನೀರು ಹಾಕು! ಹಿಮ್ಮಡ ತಿಕ್ಕೋ, ಹಿಮ್ಮಡ!" ಮಕ್ಕಳನ್ನು ಅಲ್ಲೇ ತಡೆದು ನಿಲ್ಲಿಸಿ, ಕದವನ್ನು ಮೆಲ್ಲಗೆ ದೂಡಿ ಒಳಗೆ ಬಂದರು.

ಬೆಂಚಿನ ಮೇಲೆ ಮಗನನ್ನು ನೋಡಿದರು. ನೆಲದ ಮೇಲೆ ನನ್ನನ್ನು ನೋಡಿದರು. ನಾನು ಏಳಲು ಹೋದೆ. ಭುಜದ ಮೇಲೆ ಕೈಯಿಟ್ಟು ಕೂರಿಸಿದರು. ಮೊಣಕಾಲು ಹಿಡಿದುಕೊಂಡು, ಅಮ್ಮಾ ಎನ್ನುತ್ತ, ತಾವೂ ನನ್ನ ಪಕ್ಕದಲ್ಲಿ ನೆಲಕ್ಕೆ ಕೂತರು.

"ಯಾವಾಗಿಂದ?"

"ನೀವು ಹೋದ ಮ್ಯಾಲೆ, ಸ್ವಲ್ಪ ಹೊತ್ತಿಗೆ."

"ಎಬ್ಬಸಲಿಲ್ಲೇನ?"

"ಆರು ದಿನದ ನಿದ್ದಿ ಅದ್ರಿ ಅತ್ಯಾ ಅವರಿಗೆ."

ಅತ್ತೆ ಸೆರಗಿನ ತುದಿಯಿಂದ ಶೇಂಗಾದುಂಡಿಯ ಚೂರು ಬಿಚ್ಚಿ ನನ್ನ ಕೈಗೆ ಹಾಕಿದರು. ಕಿಟಕಿಯ ಕಡೆ ನೋಡುತ್ತ ಕೂತರು. ಮಾವನವರನ್ನು ನಾನು ಕಂಡವಳಲ್ಲ. ನನ್ನ ಮದುವೆಗೆ ಮೊದಲೇ ಹೋಗಿದ್ದರು.

"ನಾನೂ ಎಂದೂ ಎಬ್ಬಸಲಿಲ್ಲ," ಎಂದರು. ಸೆರಗಿನ ತುದಿಯನ್ನು ತಿರುಗಿ ಗಂಟು ಹಾಕುತ್ತ, "ಎಬ್ಬಸಬೇಕಿತ್ತವಾ," ಎಂದರು.

ದತ್ತು ಹಸಿ ಕಾಲಲ್ಲಿ ಓಡಿಬಂದು ಅಪ್ಪನ ಹೊಟ್ಟೆಯ ಮೇಲೆ ಬಿದ್ದ. ಅವರು ಗಾಬರಿಯಾಗಿ ಎದ್ದು ಕೂತು, ನಮ್ಮಿಬ್ಬರನ್ನೂ ಕೆಳಗೆ ಕಂಡು, "ಎಷ್ಟು ಹೊತ್ತಾತು?" ಎಂದರು.

"ಐದು ಆಗ್ಲಿಕ್ಕೆ ಬಂತು. ಚಹಾ ಇಡ್ತೀನಿ."

ಅವರು ತುದಿಗೆ ಸರಿದು, ತಾಯಿಗೆ ಎಂದಿನ ಜಾಗ ಬಿಟ್ಟುಕೊಟ್ಟರು. ನಾನು ಅಡಿಗೆಮನೆಗೆ ಹೋಗಿ ಸ್ಟೋವಿಗೆ ಗಾಳಿ ಹಾಕಿ, ನೀರಿಟ್ಟು, ಹೊಸ್ತಿಲ ಮೇಲೆ ಬಂದು ನಿಂತೆ. ಅತ್ತೆ ಇನ್ನೂ ನೆಲದ ಮೇಲೆಯೇ ಇದ್ದರು, ಬೆಂಚಿನಲ್ಲಿ ನಮ್ಮವರ ಪಕ್ಕದ ಜಾಗ ಖಾಲಿ. ಏಳುವ ಲಕ್ಷಣ ಕಾಣಲಿಲ್ಲ.